ಟ್ರೆಬುಶೆ: ಚೆಂಡು ನೋಡಬೇಡಿ, ತೂಕ ನೋಡಿ

ಕೋಟೆಗೆ ಕಲ್ಲೆಸೆಯುವ ಹಳೇ ಯಂತ್ರ ಅಂದ ಕೂಡಲೇ ಬಹಳ ಜನ ಹುರಿಗೊಳಿಸಿದ ಹಗ್ಗದ ಬಿಗಿಯಲ್ಲಿ ಚಿಮ್ಮುವ ತೋಳನ್ನು ನೆನೆಸಿಕೊಳ್ಳುತ್ತಾರೆ. ಟ್ರೆಬುಶೆ ಅದಲ್ಲ. ಇದರಲ್ಲಿ ಹುರಿಯೂ ಇಲ್ಲ, ಸ್ಪ್ರಿಂಗೂ ಇಲ್ಲ. ಒಂದು ಕಡೆ ಭಾರ ಕೆಳಗೆ ಬೀಳುತ್ತದೆ, ಇನ್ನೊಂದು ಕಡೆ ಕಲ್ಲು ಹಾರುತ್ತದೆ. ಬಾವಿಯ ಏತ ನೋಡಿದವರಿಗೆ ಅರ್ಧ ಯಂತ್ರ ಆಗಲೇ ಗೊತ್ತು. ಉಳಿದರ್ಧ ಕವಣೆ. ಉದ್ದ ತೋಳಿನ ತುದಿಗೆ ಕಟ್ಟಿದ ಆ ಕವಣೆಯಲ್ಲೇ ಇದರ ಗುಟ್ಟೆಲ್ಲ ಇರುವುದು.

1304ರಲ್ಲಿ ಇಂಗ್ಲೆಂಡಿನ ಮೊದಲನೇ ಎಡ್ವರ್ಡ್ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಗೆ ಮುತ್ತಿಗೆ ಹಾಕಿ, ವಾರ್‌ವುಲ್ಫ್ ಅನ್ನುವ ಭಾರೀ ಟ್ರೆಬುಶೆ ಕಟ್ಟಿಸಿದ್ದ. ಒಳಗಿದ್ದವರು ಶರಣಾಗುತ್ತೇವೆ ಅಂದರೂ ಒಪ್ಪಲಿಲ್ಲ. ಯಂತ್ರ ಕೆಲಸ ಮಾಡುವುದನ್ನು ಮೊದಲು ನೋಡಬೇಕಿತ್ತು ಅವನಿಗೆ! ಟ್ರೆಬುಶೆಯ ಮಾದರಿ ಕಟ್ಟುವ ಹವ್ಯಾಸ ಇರುವ ನನ್ನಂಥ ಯಾರಿಗಾದರೂ ಅವನ ಮನಸ್ಸು ಅರ್ಥವಾಗುತ್ತದೆ. ಅದಕ್ಕೆ ಮೂರು ವರ್ಷ ಮೊದಲು, ನಮ್ಮ ರಣಥಂಬೋರಿನಲ್ಲಿ, ಅಲಾವುದ್ದೀನ್ ಖಿಲ್ಜಿಯ ಸೇನಾಪತಿ ನುಸ್ರತ್ ಖಾನ್ ಸತ್ತದ್ದು ಕೋಟೆಯೊಳಗಿನಿಂದ ಯಂತ್ರ ಎಸೆದ ಕಲ್ಲಿನ ಪೆಟ್ಟಿಗೆ. ಇಂಗ್ಲೆಂಡಿನ ವಾರಿಕ್ ಕೋಟೆಯಲ್ಲಿ 2005ರಲ್ಲಿ 18 ಮೀಟರ್ ಎತ್ತರದ, 22 ಟನ್ ತೂಕದ ಟ್ರೆಬುಶೆ ಕಟ್ಟಿದ್ದರು.

ನನ್ನದು ಅಷ್ಟೆಲ್ಲ ಇಲ್ಲ. ತೋಳು ತಿರುಗುವ ಅಚ್ಚು ನೆಲದಿಂದ 45 ಸೆಂ.ಮೀ. ಎತ್ತರದಲ್ಲಿದೆ. ತೋಳು 75 ಸೆಂ.ಮೀ.: ಭಾರದ ಕಡೆ 15, ಕವಣೆಯ ಕಡೆ 60. ಒಂದಕ್ಕೆ ನಾಲ್ಕು. ಮಾದರಿ ಕಟ್ಟುವವರು ಸಾಮಾನ್ಯವಾಗಿ ನಾಲ್ಕರಿಂದ ಐದರ ಒಳಗೇ ಇರುತ್ತಾರೆ. ತೋಳಿಗೆ ಟಿಂಬರ್ ಡಿಪೋದಲ್ಲಿ ಗಂಟಿಲ್ಲದ ರೀಪು ಆರಿಸಿ ತಂದೆ. ತುದಿಯ ಕಡೆ ಹತ್ತರಿ ಹೊಡೆದು ತೆಳ್ಳಗೆ ಮಾಡಿದೆ. ತುದಿ ಹಗುರವಾದಷ್ಟೂ ಒಳ್ಳೆಯದು, ತೋಳನ್ನೇ ಬೀಸುವುದಕ್ಕೆ ಶಕ್ತಿ ಯಾಕೆ ಸುರಿಯಬೇಕು ಅಲ್ವಾ? ಚೌಕಟ್ಟು ಪ್ಲೈವುಡ್. ಅಚ್ಚಿಗೆ 10 ಮಿ.ಮೀ. ಕಬ್ಬಿಣದ ರಾಡು, ಎರಡೂ ಕಡೆ 6200 ನಂಬರಿನ ಬೇರಿಂಗ್. ಭಾರಕ್ಕೆ ಜಿಮ್ಮಿನ 2.5 ಕೆ.ಜಿ. ತಟ್ಟೆ ಎರಡು. ತೋಳಿಗೆ ಬಿಗಿದಿಲ್ಲ, ಬೋಲ್ಟಿನಲ್ಲಿ ತೂಗಾಡುವ ಹಾಗೆ ನೇತುಹಾಕಿದೆ. ಹೀಗೆ ತೂಗಾಡಿದರೆ ಭಾರ ಹೆಚ್ಚು ನೇರವಾಗಿ ಕೆಳಗೆ ಬೀಳುತ್ತದೆ, ಚೌಕಟ್ಟೂ ಕಡಿಮೆ ಕುಲುಕುತ್ತದೆ.

ಎಸೆಯುವುದಕ್ಕೆ ಹಳೇ ಗಾಲ್ಫ್ ಚೆಂಡು. ಒಂದೊಂದೂ ಸುಮಾರು 46 ಗ್ರಾಂ. ಕಲ್ಲು, ನಿಂಬೆಹಣ್ಣು ಎಸೆದರೂ ಮಜಾ ಬರುತ್ತದೆ. ಆದರೆ ಪ್ರತಿಸಲ ತೂಕ ಬೇರೆಯಾದರೆ ಏನು ಬದಲಾದದ್ದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಒಂದು ಸಣ್ಣ ಲೆಕ್ಕ ಇದೆ. ಭಾರವನ್ನು ಚೆಂಡಿನ ತೂಕದಿಂದ ಭಾಗಿಸಿ. ಭಾರ ಬೀಳುವ ಎತ್ತರದಿಂದ ಗುಣಿಸಿ. ಬಂದದ್ದರ ಎರಡರಷ್ಟು, ಆ ಯಂತ್ರ ಎಸೆಯಬಹುದಾದ ಹೆಚ್ಚೆಂದರೆ ಹೆಚ್ಚು ದೂರ. ಅದೂ ಚೂರೂ ಪೋಲಾಗದೆ ಎಲ್ಲ ಶಕ್ತಿಯೂ ಚೆಂಡಿಗೇ ಸೇರಿ, 45 ಡಿಗ್ರಿಯಲ್ಲಿ ಹೊರಟು, ಗಾಳಿಯೂ ತಡೆಯದಿದ್ದರೆ. ನನ್ನದರಲ್ಲಿ ಭಾರ ಬೀಳುವುದು ಸುಮಾರು 26 ಸೆಂ.ಮೀ. ಹಾಗಾಗಿ ಮಿತಿ 56 ಮೀಟರಿನಷ್ಟು. ನಿಜಕ್ಕೆ ಹೋಗುವುದು 30ರ ಆಸುಪಾಸು. ಅರ್ಧಕ್ಕಿಂತ ಸ್ವಲ್ಪ ಮೇಲೆ ಸಿಕ್ಕರೆ ಇಷ್ಟು ಚಿಕ್ಕ ಯಂತ್ರಕ್ಕೆ ಬೇಜಾರಿಲ್ಲ.

ಅಕ್ಕನ ಮಗ ನನ್ನ ಜೊತೆ ಮೈದಾನಕ್ಕೆ ಬರುತ್ತಾನೆ. ಅವನದು ಯಾವಾಗಲೂ ಒಂದೇ ರಾಗ: "ಮಾಮ, ಇನ್ನೊಂದು ತಟ್ಟೆ ಹಾಕೋಣ." ಹಾಕಿದೆವು. ಭಾರ ಒಂದೂವರೆ ಪಟ್ಟಾಯಿತು, ದೂರ ಮಾತ್ರ ನಾಲ್ಕು ಹೆಜ್ಜೆ ಜಾಸ್ತಿಯಾಯಿತು. ಚೌಕಟ್ಟು ಪೂರ್ತಿ ಅದುರಿತು. ತಟ್ಟೆ ತೆಗೆಸಿ ಅವನ ಕೈಗೆ ಇಕ್ಕಳ ಕೊಟ್ಟೆ. ಯಾಕೆಂದರೆ ಇದರಲ್ಲಿ ಕೈಯಾಡಿಸಬೇಕಾದ ಜಾಗ ಬೇರೆಯೇ ಇದೆ: ತೋಳಿನ ತುದಿಯ ಮೊಳೆ.

ಕವಣೆ ಅಂದರೆ ಎರಡು ನೈಲಾನ್ ದಾರ, ನಡುವೆ ಹಳೇ ಜೀನ್ಸ್ ಬಟ್ಟೆಯ ಜೋಳಿಗೆ. ಕವಣೆಯ ಉದ್ದ ತೋಳಿನ ಉದ್ದ ಭಾಗಕ್ಕೆ ಹೆಚ್ಚುಕಮ್ಮಿ ಸಮ. ನನ್ನದು 55 ಸೆಂ.ಮೀ. ಒಂದು ದಾರ ತೋಳಿಗೆ ಗಂಟು. ಇನ್ನೊಂದರ ತುದಿಯಲ್ಲಿ ಕೀಲಿಕೈ ಗೊಂಚಲಿನ ರಿಂಗು. ಆ ರಿಂಗು ತಲೆ ಕತ್ತರಿಸಿದ ಮೊಳೆಯ ಮೇಲೆ ಸುಮ್ನೆ ಕೂತಿರುತ್ತದೆ. ತೋಳು ಏಳುತ್ತದೆ, ಕವಣೆ ಹಿಂದಿನಿಂದ ಸುತ್ತಿಕೊಂಡು ಬರುತ್ತದೆ, ಒಂದು ಕೋನ ದಾಟಿದ ಕೂಡಲೇ ರಿಂಗು ಜಾರುತ್ತದೆ, ಜೋಳಿಗೆ ಬಿಚ್ಚುತ್ತದೆ. ಮೊಳೆ ತೋಳಿನ ನೇರಕ್ಕೇ ಇದ್ದರೆ ರಿಂಗು ಬೇಗ ಜಾರಿ ಚೆಂಡು ಮೇಲಕ್ಕೆ ಹೋಗುತ್ತದೆ, ಒಮ್ಮೊಮ್ಮೆ ಹಿಂದಕ್ಕೂ. ಎಸೆಯುವ ದಿಕ್ಕಿಗೆ ಬಗ್ಗಿಸಿದಷ್ಟೂ ತಡವಾಗಿ ಬಿಡುತ್ತದೆ, ಚೆಂಡು ತಗ್ಗಿನಲ್ಲಿ ಹೋಗುತ್ತದೆ. ತೀರಾ ಬಗ್ಗಿದರೆ ಮುಂದಿನ ನೆಲಕ್ಕೇ ಬಡಿಯುತ್ತದೆ. ಇಕ್ಕಳದಲ್ಲಿ ಒಂದು ಚೂರು ಒತ್ತಿದರೆ ಸಾಕು, ಮೀಟರುಗಟ್ಟಲೆ ವ್ಯತ್ಯಾಸ. ಮೊಳೆಯನ್ನು ನುಣ್ಣಗೆ ಉಜ್ಜಿ ಸ್ವಲ್ಪ ಮೇಣ ಹಚ್ಚುವುದನ್ನು ಮರೆಯಬೇಡಿ. ಒರಟು ಮೊಳೆ ಒಂದೊಂದು ಸಲ ಒಂದೊಂದು ಥರ ಬಿಡುತ್ತದೆ.

ಸರಿಯಾಯಿತು ಅಂತ ತಿಳಿಯುವುದು ಹೇಗೆ? ಮೊಬೈಲನ್ನು ಪಕ್ಕದಲ್ಲಿ, ಅಚ್ಚಿನ ಮಟ್ಟಕ್ಕೆ ನಿಲ್ಲಿಸಿ ಸ್ಲೋಮೋಷನ್ನಿನಲ್ಲಿ ಹಿಡಿಯಿರಿ. ಆಮೇಲೆ ಚೆಂಡನ್ನು ಬಿಟ್ಟು ತಟ್ಟೆಗಳನ್ನು ನೋಡಿ. ಚೆನ್ನಾಗಿ ಹೊಂದಿದ ಎಸೆತದಲ್ಲಿ ಚೆಂಡು ಬಿಡುವ ಗಳಿಗೆಗೆ ತೋಳು ಹೆಚ್ಚುಕಮ್ಮಿ ನೆಟ್ಟಗೆ ನಿಂತಿರುತ್ತದೆ, ಭಾರ ಅದರ ಕೆಳಗೆ ಬಂದು ತಟಕ್ಕನೆ ನಿಂತಂತೆ ಕಾಣುತ್ತದೆ. ತನ್ನಲ್ಲಿದ್ದದ್ದನ್ನು ಹೆಚ್ಚುಪಾಲು ಕೊಟ್ಟು ಮುಗಿಸಿದೆ ಅಂತ ಅರ್ಥ. ಚೆಂಡು ಹೋದ ಮೇಲೂ ತಟ್ಟೆಗಳು ಜೋರಾಗಿ ಅತ್ತಿತ್ತ ಆಡುತ್ತಿದ್ದರೆ ಆ ಶಕ್ತಿ ಚೆಂಡಿಗೆ ಸೇರಲೇ ಇಲ್ಲ. ಆಗ ಮೊದಲು ಕವಣೆಯ ಉದ್ದ ಬದಲಿಸುತ್ತೇನೆ, ಆಮೇಲೆ ಅದಕ್ಕೆ ತಕ್ಕ ಹಾಗೆ ಮೊಳೆ. ಎರಡನ್ನೂ ಒಟ್ಟಿಗೆ ಮುಟ್ಟುವುದಿಲ್ಲ.

ಚೆಂಡು ಹಿಂದಕ್ಕೂ ಬರಬಹುದು ಅಂದೆನಲ್ಲ, ಹಾಗಾಗಿ ಯಂತ್ರದ ಮುಂದೆ, ಹಿಂದೆ ಯಾರೂ ನಿಲ್ಲುವ ಹಾಗಿಲ್ಲ. ಪಕ್ಕದಲ್ಲಿ, ದೂರದಲ್ಲಿ. ತೋಳನ್ನು ಹಿಡಿದಿಡುವ ಚಿಲಕಕ್ಕೆ ಉದ್ದ ದಾರ ಕಟ್ಟಿ ಅಲ್ಲಿಂದಲೇ ಎಳೆಯುವುದು. ಗಾಲ್ಫ್ ಚೆಂಡು ತಲೆಗೆ ಬಿದ್ದರೆ ಆಟವಲ್ಲ.

ಈಗ ಚೌಕಟ್ಟಿಗೆ ಗಾಲಿ ಹಾಕುತ್ತಿದ್ದೇನೆ. ಗಾಲಿ ಇದ್ದರೆ ಚೌಕಟ್ಟು ತಾನೇ ಹಿಂದೆ ಮುಂದೆ ಸರಿದು ಭಾರಕ್ಕೆ ಇನ್ನೂ ನೇರವಾದ ದಾರಿ ಬಿಡುತ್ತದೆ. ಮಣ್ಣಿನ ಮೈದಾನದಲ್ಲಿ ಅದು ಉರುಳುವುದಿಲ್ಲ, ಕೆಳಗೆ ಎರಡು ಹಲಗೆ ಹಾಸಬೇಕು. ಮೊಳೆಯನ್ನಂತೂ ಮತ್ತೆ ಮೊದಲಿನಿಂದ ಬಗ್ಗಿಸಿ ನೋಡಬೇಕು.