ಹಸಿರು ಕಂಡರೆ ಸಾಲದು: ದಕ್ಷಿಣ ಸಾಗರದಲ್ಲಿ ಬ್ಲೂಮ್ ಅಳೆಯುವ ಬಗೆ

ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರಕ್ಕೆ ಮೊದಲ ಸಲ ಹೊರಟಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕಾರವಾರದಲ್ಲಿ ಸಾಗರ ಜೀವಶಾಸ್ತ್ರ ಓದಿದವಳು. ಹಡಗಿನಲ್ಲಿ ನನ್ನ ಪಾಲಿಗೆ ಬಂದಿದ್ದು ಕ್ಲೋರೊಫಿಲ್ ಕೆಲಸ. ನೀರು ಹಿಡಿದು, ಸೋಸಿ, ಅದರಲ್ಲಿ ಎಷ್ಟು ಹಸಿರಿದೆ ಎಂದು ಅಳೆಯುವುದು. ಸುಲಭ ಅನ್ನಿಸುತ್ತದೆ ಅಲ್ವಾ? ಆದರೆ ಇಲ್ಲಿ ಒಂದು ಸ್ಯಾಂಪಲ್ ಕೆಟ್ಟರೆ ಮತ್ತೆ ಸಿಗುವುದಿಲ್ಲ. ಅಷ್ಟರಲ್ಲಿ ಹಡಗು ಮುಂದಿನ ಸ್ಟೇಷನ್, ಅಂದರೆ ನೀರು ಹಿಡಿಯಲು ನಿಲ್ಲುವ ಮುಂದಿನ ಜಾಗದ ಕಡೆಗೆ ಹೊರಟಿರುತ್ತದೆ.

ಮೊದಲು ಅಳೆಯುತ್ತಿರುವುದು ಏನು ಎಂದು ತಿಳಿದಿರಲಿ. ಫೈಟೊಪ್ಲಾಂಕ್ಟನ್ ಅಂದರೆ ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಬಿಸಿಲು ಸಿಕ್ಕರೆ ಕಾರ್ಬನ್ ಡೈಆಕ್ಸೈಡ್ ತಿಂದು ಬೆಳೆಯುತ್ತದೆ. ಅದು ಏಕಾಏಕಿ ಹೆಚ್ಚಿದರೆ ಬ್ಲೂಮ್ ಎನ್ನುತ್ತೇವೆ. ದಕ್ಷಿಣ ಸಾಗರದಲ್ಲಿ ಪಾಚಿಗೆ ಗೊಬ್ಬರವಾದ ನೈಟ್ರೇಟ್ ಬೇಕಾದಷ್ಟಿದೆ, ಕಬ್ಬಿಣ ತೀರಾ ಕಡಿಮೆ. ಹಾಗಾಗಿ ಬೇಸಿಗೆಯಲ್ಲೂ ಬಹಳಷ್ಟು ಕಡೆ ನೀರು ನೀಲಿಯಾಗೇ ಇರುತ್ತದೆ. ಕಬ್ಬಿಣ ಸಿಕ್ಕ ಕಡೆ ಮಾತ್ರ ಹಸಿರು. ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಕರ್ಗ್ಯುಲೆನ್ ದ್ವೀಪಗಳ ಸುತ್ತ ಸಮುದ್ರದ ತಳ ಎತ್ತರವಾಗಿದೆ. ಅಲ್ಲಿಂದ ಕಬ್ಬಿಣ ಮೇಲಕ್ಕೆ ಬರುತ್ತದೆ, ಪ್ರತಿ ವರ್ಷ ಬ್ಲೂಮ್ ಆಗುತ್ತದೆ. ಮಾರಿಷಸ್ ಕಡೆಯಿಂದ ದಕ್ಷಿಣಕ್ಕೆ ಇಳಿದರೆ ನೀವೂ ಆ ನೀರಿನ ಹತ್ತಿರ ಹೋಗಬಹುದು.

ಈಗ ಕೆಲಸಕ್ಕೆ ಬರೋಣ. ನೀರಿನ ಉಪ್ಪು, ಬಿಸಿ, ಆಳ ಅಳೆಯುವ ಸಿಟಿಡಿ ಯಂತ್ರ ಕೆಳಗೆ ಹೋಗಿ ಮೇಲೆ ಬರುವಾಗ ಅದರ ಸುತ್ತಲಿನ ನಿಸ್ಕಿನ್ ಬಾಟಲಿಗಳು ಬೇರೆ ಬೇರೆ ಆಳದಲ್ಲಿ ನೀರು ಹಿಡಿದು ಮುಚ್ಚಿಕೊಳ್ಳುತ್ತವೆ. ಡೆಕ್‌ಗೆ ಬಂದ ಕೂಡಲೇ ನುಗ್ಗಬೇಡಿ. ಮೊದಲ ನೀರು ಆಮ್ಲಜನಕ ಅಳೆಯುವವರಿಗೆ, ಆಮೇಲೆ ಕರಗಿದ ಕಾರ್ಬನ್ ಅಳೆಯುವವರಿಗೆ. ಗಾಳಿ ತಾಗಿದರೆ ಅವರ ಅಂಕಿ ಕೆಡುತ್ತದೆ. ನಮ್ಮ ಸರದಿ ಅವರಾದ ಮೇಲೆ. ನಿಮ್ಮ ಕ್ಯಾನನ್ನು ಅದೇ ಬಾಟಲಿಯ ನೀರಿನಿಂದ ಮೂರು ಸಲ ತೊಳೆದು ತುಂಬಿಸಿ. ಬಿಸಿಲಿನಲ್ಲಿ ಇಡಬೇಡಿ, ಕಪ್ಪು ಚೀಲದಲ್ಲಿ ಮುಚ್ಚಿ ಒಳಗೆ ತನ್ನಿ.

ಒಂದು ಮಾತು ಯಾರೂ ಹೇಳಿಕೊಡುವುದಿಲ್ಲ. ಡಯಾಟಮ್ ಎಂಬ ಬಗೆಯ ಪಾಚಿಯಲ್ಲಿ ದೊಡ್ಡವು ಭಾರ. ಗಾಜಿನಂಥ ಸಿಲಿಕಾ ಚಿಪ್ಪು ಅವಕ್ಕೆ. ಕ್ಯಾನನ್ನು ಸ್ವಲ್ಪ ಹೊತ್ತು ಸುಮ್ನೆ ಇಟ್ಟರೂ ತಳದ ಕಡೆಗೆ ಇಳಿಯತೊಡಗುತ್ತವೆ. ಅಳತೆ ಜಾಡಿಗೆ ಸುರಿಯುವ ಮುಂಚೆ ಕ್ಯಾನನ್ನು ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಿ. ಜೋರಾಗಿ ಕುಲುಕಬೇಡಿ, ಕೋಶ ಒಡೆಯುತ್ತದೆ.

ಸೋಸಲು 25 ಮಿಲಿಮೀಟರಿನ ಜಿಎಫ್/ಎಫ್ ಫಿಲ್ಟರ್ ಬಳಸುತ್ತೇವೆ. ಗಾಜಿನ ನಾರಿನದು, ರಂಧ್ರ 0.7 ಮೈಕ್ರಾನ್‌ನದು. ಚಿಮುಟದಲ್ಲೇ ಹಿಡಿಯಿರಿ, ಬೆರಳು ತಾಗಿಸಬೇಡಿ. ಲ್ಯಾಬಿನ ದೀಪ ಆರಿಸಿ ಮಂದ ಬೆಳಕಿನಲ್ಲಿ ಕೆಲಸ ಮಾಡಿ. ನೀಲಿ ನೀರಾದರೆ 1 ಲೀಟರ್, ಬೇಕಿದ್ದರೆ 2 ಸೋಸಿ. ಬ್ಲೂಮ್ ಒಳಗೆ ಅರ್ಧ ಲೀಟರಿಗೂ ಕಡಿಮೆ ಸಾಕು. ಪಂಪಿನ ಎಳೆತ ಕಡಿಮೆ ಇರಲಿ. ಫಿಯೊಸಿಸ್ಟಿಸ್ ಎಂಬ ಪಾಚಿ ಬಂದರಂತೂ ಬೆಂಡೆಕಾಯಿ ಲೋಳೆಯ ಹಾಗೆ ಫಿಲ್ಟರಿಗೆ ಹತ್ತಿ ನೀರು ಇಳಿಯುವುದೇ ನಿಲ್ಲುತ್ತದೆ. ಆಗ ಪಂಪ್ ಏರಿಸುವ ಆಸೆ ಬರುತ್ತದೆ. ಏರಿಸಬೇಡಿ. ಹೊಸ ಫಿಲ್ಟರ್ ಹಾಕಿ ಕಡಿಮೆ ನೀರು ಸೋಸಿ. ಎಷ್ಟು ಸೋಸಿದಿರಿ ಎಂಬುದನ್ನು ಆಗಲೇ ಪುಸ್ತಕದಲ್ಲಿ ಬರೆಯಿರಿ. ಆ ಒಂದು ಅಂಕಿ ಇಲ್ಲದಿದ್ದರೆ ಉಳಿದಿದ್ದೆಲ್ಲ ವ್ಯರ್ಥ.

ಕೊನೆಯ ಹನಿ ಇಳಿದ ಮೇಲೆ ಫಿಲ್ಟರನ್ನೊಮ್ಮೆ ನೋಡಿ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಗಳಿಗೆ ಇದು. ಡಯಾಟಮ್ ಬ್ಲೂಮಿನ ಫಿಲ್ಟರ್ ಹಸಿರಾಗಿರುವುದಿಲ್ಲ, ಬಂಗಾರ ಬೆರೆತ ಕಂದು ಬಣ್ಣ. ಅವುಗಳಲ್ಲಿರುವ ಫ್ಯೂಕೊಕ್ಸಾಂಥಿನ್ ಎಂಬ ಬಣ್ಣ ಹಸಿರನ್ನು ಮುಚ್ಚುತ್ತದೆ. ಆ ಬಣ್ಣವನ್ನೂ ಲಾಗ್ ಪುಸ್ತಕದಲ್ಲಿ ಒಂದು ಪದದಲ್ಲಿ ಬರೆದಿಡಿ. ಆಮೇಲೆ ಫಿಲ್ಟರ್ ಮಡಚಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಸ್ಟೇಷನ್ ಮತ್ತು ಆಳ ಬರೆದು, ಮೈನಸ್ 80 ಡಿಗ್ರಿ ಫ್ರೀಜರಿಗೆ ಹಾಕಿ.

ಹಡಗಿನಲ್ಲೇ ಅಳೆದು ಅಂಕಿ ಓದುವುದಾದರೆ ಫಿಲ್ಟರನ್ನು 90% ಅಸಿಟೋನ್‌ನಲ್ಲಿ ಮುಳುಗಿಸಿ ಫ್ರೀಜರಿನ ಕತ್ತಲಲ್ಲಿ 24 ಗಂಟೆ ಇಡಬೇಕು. ಟ್ಯೂಬ್ ಗಾಜಿನದೋ ಪಾಲಿಪ್ರೊಪಿಲೀನ್‌ನದೋ ಆಗಿರಲಿ. ಗಟ್ಟಿಯಾದ ಪಾರದರ್ಶಕ ಪಾಲಿಸ್ಟೈರೀನ್ ಟ್ಯೂಬ್ ಅಸಿಟೋನ್‌ಗೆ ಕರಗುತ್ತದೆ. ನೈಟ್ರೈಲ್ ಕೈಗವಸು ಕೂಡ ಅದಕ್ಕೆ ಬಹಳ ಹೊತ್ತು ತಡೆಯುವುದಿಲ್ಲ, ಚೆಲ್ಲಿದರೆ ತಕ್ಷಣ ಬದಲಿಸಿ. ಆವಿಯನ್ನು ಹೊರಗೆಳೆಯುವ ಗೂಡಿನ (ಫ್ಯೂಮ್ ಹುಡ್) ಫ್ಯಾನ್ ಓಡುತ್ತಿರಲಿ. ಓದುವ ಮುಂಚೆ ಟ್ಯೂಬ್‌ಗಳು ಕೋಣೆಯ ಬಿಸಿಗೆ ಬರಬೇಕು. ಬೆಳಕು ಬಿದ್ದಾಗ ಕ್ಲೋರೊಫಿಲ್ ಹೊರಸೂಸುವ ಕೆಂಪು ಹೊಳಪನ್ನು (ಫ್ಲೋರೊಸೆನ್ಸ್) ಅಳೆಯುವ ಯಂತ್ರ ಫ್ಲೋರೋಮೀಟರ್. ಟ್ಯೂಬ್ ತಣ್ಣಗಿದ್ದರೆ ಅದು ಬೇರೆಯೇ ಅಂಕಿ ಕೊಡುತ್ತದೆ.

ಲೆಕ್ಕ ಹೀಗೆ: ಅಸಿಟೋನ್‌ನಲ್ಲಿ ಲೀಟರಿಗೆ 40 ಮೈಕ್ರೊಗ್ರಾಂ ಕ್ಲೋರೊಫಿಲ್ ಎಂದು ಯಂತ್ರ ಹೇಳಿತು, ಅಸಿಟೋನ್ 10 ಮಿಲಿಲೀಟರ್, ನೀವು ಸೋಸಿದ ನೀರು 1 ಲೀಟರ್. ಹಾಗಾದರೆ ಸಮುದ್ರದಲ್ಲಿ ಲೀಟರಿಗೆ 0.4 ಮೈಕ್ರೊಗ್ರಾಂ. ನಾನು 1 ದಾಟಿದರೆ ಮಾತ್ರ ಬ್ಲೂಮ್ ಎಂದು ಬರೆಯುತ್ತೇನೆ. ಆಮೇಲೆ ಎರಡು ಹನಿ ಆಮ್ಲ ಹಾಕಿ ಮತ್ತೊಮ್ಮೆ ಓದಿ. ಜೀವಂತ ಪಾಚಿಯ ಕ್ಲೋರೊಫಿಲ್ ಆಗಿದ್ದರೆ ಎರಡನೆಯ ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೆಚ್ಚೇನೂ ಇಳಿಯದಿದ್ದರೆ ಹಸಿರು ಆಗಲೇ ಕೆಟ್ಟಿದೆ, ಬಹುಶಃ ಯಾರದೋ ಹೊಟ್ಟೆ ಸೇರಿ ಹೊರಬಂದಿದೆ. ಕೆಲವು ಯಂತ್ರಗಳು ಆಮ್ಲ ಬೇಡದ ವಿಧಾನದವು. ನಿಮ್ಮದು ಯಾವುದು ಎಂದು ಮೊದಲೇ ಕೇಳಿಕೊಳ್ಳಿ.

ಸಿಟಿಡಿಯಲ್ಲೇ ಫ್ಲೋರೊಸೆನ್ಸ್ ಸೆನ್ಸರ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳುತ್ತಾರೆ. ಮಟಮಟ ಮಧ್ಯಾಹ್ನ ಬಿಸಿಲು ಜಾಸ್ತಿಯಾದಾಗ ಪಾಚಿ ತನ್ನನ್ನು ಕಾಪಾಡಿಕೊಳ್ಳಲು ಫ್ಲೋರೊಸೆನ್ಸ್ ತಗ್ಗಿಸುತ್ತದೆ. ಮೇಲಿನ ನೀರಿನಲ್ಲಿ ಹಸಿರೇ ಕಡಿಮೆ ಎಂದು ಸೆನ್ಸರ್ ಸುಳ್ಳು ಹೇಳುತ್ತದೆ. ಅದನ್ನು ತಿದ್ದಲು ನಿಮ್ಮ ಫಿಲ್ಟರ್ ಬೇಕು.

ಇಷ್ಟು ಮಾಡಿ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ನನ್ನ ತಕರಾರು ಇಲ್ಲೇ. ಮೇಲಿನ ಹಸಿರು ಕಾರ್ಬನ್ ಹೀರಿಕೊಂಡಿದೆ, ನಿಜ. ಅದು ಮೇಲೇ ಉಳಿದು ಯಾವುದೋ ಜೀವಿಯ ಉಸಿರಾಗಿ ಮತ್ತೆ ಗಾಳಿಗೆ ಸೇರಿದರೆ ವಾತಾವರಣಕ್ಕೆ ಏನು ಲಾಭ? ಕೆಳಗಿಳಿದ ಕಾರ್ಬನ್ ಮಾತ್ರ ಬಹುಕಾಲ ಅಲ್ಲಿ ಉಳಿಯುತ್ತದೆ. ಅದೂ ದಾರಿಯುದ್ದಕ್ಕೂ ಕರಗುತ್ತಾ ಹೋಗುತ್ತದೆ. ಸಾಗರ ವಿಜ್ಞಾನಿ ಜಾನ್ ಮಾರ್ಟಿನ್ ಮತ್ತು ಜೊತೆಗಾರರು 1987ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ 100 ಮೀಟರ್ ಆಳದಲ್ಲಿ 100 ಮಿಲಿಗ್ರಾಂ ಕಾರ್ಬನ್ ಇಳಿಯುತ್ತಿದ್ದರೆ 1000 ಮೀಟರ್ ಮುಟ್ಟುವುದು ಸುಮಾರು 14. ಆ ಸೂತ್ರ ಪೆಸಿಫಿಕ್ ನೀರಿನಿಂದ ಬಂದದ್ದು, ಪ್ರತಿ ಬ್ಲೂಮೂ ಅದರಂತೆ ನಡೆಯುವುದಿಲ್ಲ.

ಎರಡು ಪ್ರಯೋಗಗಳನ್ನು ನೋಡಿ. 2004ರ ಐಫೆಕ್ಸ್‌ನಲ್ಲಿ ದಕ್ಷಿಣ ಸಾಗರಕ್ಕೆ ಕಬ್ಬಿಣ ಹಾಕಿದಾಗ ಡಯಾಟಮ್‌ಗಳು ಬೆಳೆದವು. ಬ್ಲೂಮಿನ ಕನಿಷ್ಠ ಅರ್ಧ 1000 ಮೀಟರಿಗಿಂತ ಕೆಳಗೆ ಮುಳುಗಿತು. 2009ರಲ್ಲಿ ಭಾರತ ಮತ್ತು ಜರ್ಮನಿ ಸೇರಿ ಪೋಲಾರ್‌ಸ್ಟೆರ್ನ್ ಹಡಗಿನಲ್ಲಿ ಲೋಹಾಫೆಕ್ಸ್ ನಡೆಸಿದರು. ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಹಾಕಿದರು. ಪಾಚಿ ಹೆಚ್ಚಿತು. ಆದರೆ ಆ ನೀರಿನಲ್ಲಿ ಡಯಾಟಮ್ ಚಿಪ್ಪಿಗೆ ಬೇಕಾದ ಸಿಲಿಕೇಟ್ ತೀರಾ ಕಡಿಮೆ, ಡಯಾಟಮ್ ಬೆಳೆಯಲಿಲ್ಲ. ಬೆಳೆದ ಸಣ್ಣ ಪಾಚಿಯನ್ನು ಸಿಗಡಿಯ ಬಳಗದ ಪುಟ್ಟ ಜೀವಿಗಳಾದ ಕೋಪೆಪೋಡ್‌ಗಳು ತಿಂದವು. ಕೆಳಗಿಳಿದ ಕಾರ್ಬನ್ ಅಷ್ಟಕ್ಕಷ್ಟೆ. ಮೇಲಿನ ಹಸಿರನ್ನಷ್ಟೇ ಅಳೆದಿದ್ದರೆ ಎರಡೂ ಗೆದ್ದ ಹಾಗೆ ಕಾಣುತ್ತಿದ್ದವು.

ಅದಕ್ಕೇ ಪ್ರತಿ ಸ್ಟೇಷನ್‌ನಲ್ಲೂ ಇನ್ನೆರಡು ಫಿಲ್ಟರ್ ಮಾಡಿ. ಒಂದು ಕಣಗಳ ಕಾರ್ಬನ್‌ಗೆ: ಹೊರಡುವ ಮುಂಚೆಯೇ 450 ಡಿಗ್ರಿಯಲ್ಲಿ 4 ಗಂಟೆ ಸುಟ್ಟ ಫಿಲ್ಟರ್ ಬೇಕು, ಇಲ್ಲದಿದ್ದರೆ ಫಿಲ್ಟರಿನ ಕೊಳೆಯ ಕಾರ್ಬನ್ನೇ ಅಳೆಯುತ್ತೀರಿ. ಇನ್ನೊಂದು ಸೂಕ್ಷ್ಮದರ್ಶಕಕ್ಕೆ. ಉದ್ದನೆಯ ದಾರದಂಥ ಹಿಕ್ಕೆ ಕಂಡರೆ ಸಿಗಡಿಯಂಥ ಕ್ರಿಲ್ ಮೇಯುತ್ತಿದೆ. ಆ ಹಿಕ್ಕೆ ದಿನಕ್ಕೆ ನೂರಾರು ಮೀಟರ್ ಇಳಿಯಬಲ್ಲದು.

ಆಳದ ನೀರನ್ನೂ ಬಿಡಬೇಡಿ. ಗಾಳಿ, ಅಲೆ ಕಲಸಿದ ಮೇಲಿನ ನೀರು, ಅಂದರೆ ಮಿಶ್ರ ಪದರ, ಎಲ್ಲಿಯವರೆಗೆ ಇದೆ ಎಂದು ಸಿಟಿಡಿ ಗ್ರಾಫ್‌ನಲ್ಲಿ ನೋಡಿ. ಅದರ ಕೆಳಗೆ, 200 ಮತ್ತು 500 ಮೀಟರಿನಲ್ಲಿ, ಬೆಳೆಯಲು ಬೆಳಕಿಲ್ಲ. ಅಲ್ಲಿ ಹಸಿರು ಸಿಕ್ಕರೆ ಅದು ಮೇಲಿನಿಂದ ಮುಳುಗಿ ಬಂದದ್ದೇ. ಬಾಟಲಿ ಹಂಚುವ ಸಭೆ ಸ್ಟೇಷನ್‌ಗೆ ಮುಂಚೆಯೇ ನಡೆಯುತ್ತದೆ, ಅಲ್ಲಿ ಈ ಎರಡು ಆಳ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. 500 ಮೀಟರಿನ ನೀರು ಕನಿಷ್ಠ 4 ಲೀಟರ್ ಸೋಸಬೇಕು. ಹೊತ್ತು ಹಿಡಿಯುತ್ತದೆ, ಆದ್ದರಿಂದ ಅದನ್ನೇ ಮೊದಲು ಹಚ್ಚಿ.