ಬೆಳಗಾವಿ ಮಳಿ, ಇಂದೋರ್ ಬೀಮು, ಜಿಯೋಲೈಟಿನೊಳಗಿನ ತಾಮ್ರ: ನನ್ನ ಅನುಭವ

ನಮ್ಮಪ್ಪಾರು ತಿಕೋಟಾ ಕಡೆ ದ್ರಾಕ್ಷಿ ತ್ವಾಟ ಮಾಡ್ತಾರ, ಬೋರ್ಡೋ ದ್ರಾವಣ ಕಲಸೂ ಮುಂದ ಮೈಲುತುತ್ತ ನೀರಾಗ ಕರಗಿದ ಮ್ಯಾಲ ಬರೂ ನೀಲಿ ಬಣ್ಣ ನಾ ಸಣ್ಣಂವ ಇದ್ದಾಗಿಂದ ನೋಡೀನಿ. ಅದ ನೀಲಿ, ಭಾಳ ತೆಳುವಾಗಿ, ನನ್ನ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯಾ ಜೋರು ಮಾಡೂ ವಸ್ತು) ಪೌಡರಿನ್ಯಾಗೂ ಇತ್ತು. ಅದು ಏನ್ ಹೇಳಾಕತ್ತೈತಿ ಅಂತ ತಿಳಿಯೂದ್ರಾಗ ಒಂದು ಬೀಮ್‌ಟೈಮ್, ಅಂದ್ರ ದೊಡ್ಡ ಎಕ್ಸ್‌ರೇ ಯಂತ್ರದ ಮ್ಯಾಲ ನಮಗ ಕೊಟ್ಟ ಸಮಯ, ಪೂರಾ ಕಳಕೊಂಡೆ. ಜಿಯೋಲೈಟ್ (ಒಳಗ ಸಣ್ಣ ಸಣ್ಣ ಗೂಡು ಇರೂ ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್ನಿನ ಹರಳು) ಮ್ಯಾಲ ಎಕ್ಸ್‌ರೇ ಸ್ಪೆಕ್ಟ್ರೋಸ್ಕೋಪಿ ಮಾಡಾಕ ಹೊಂಟ ಹುಡುಗರಿಗೆ ಉಪಯೋಗ ಆಗಲಿ ಅಂತ ಬರ್ಯಾಕತ್ತೀನಿ.

ನಾ ಬೆಳಗಾವ್ಯಾಗ ಪಿಎಚ್‌ಡಿ ಮಾಡ್ತೀನಿ. ನನ್ನ ಸ್ಯಾಂಪಲ್ಲು ತಾಮ್ರ ಸೇರಿಸಿದ ಎಸ್‌ಎಸ್‌ಝೆಡ್-13 ಜಿಯೋಲೈಟ್, ಬಿಎಸ್6 ಡೀಸೆಲ್ ಲಾರಿಗಳ ಸೈಲೆನ್ಸರ್ ಲೈನಿನ್ಯಾಗ ಕೆಲಸ ಮಾಡೂದು ಇದ ಜಾತಿ ಕ್ಯಾಟಲಿಸ್ಟು. ಲಾರಿಯವ್ರು ಹಾಕ್ಸೂ 32.5% ಯೂರಿಯಾ ನೀರು ಬಿಸಿಗೆ ಅಮೋನಿಯಾ ಆಗತೈತಿ, ಅದು ತಾಮ್ರದ ಮ್ಯಾಲ ನೈಟ್ರೋಜನ್ ಆಕ್ಸೈಡ್ ಜೋಡಿ ಸೇರಿ ಸಾದಾ ನೈಟ್ರೋಜನ್ನು, ನೀರು ಆಗಿ ಹೊರಗ ಹೋಗತೈತಿ. ನನ್ನ ಪ್ರಶ್ನೆ ಇಷ್ಟ, ಆ ತಾಮ್ರ ಎಲ್ಲಿ ಕುಂತೈತಿ, ಅದರ ಸುತ್ತ ಎಷ್ಟು ಆಕ್ಸಿಜನ್ ಅದಾವ, ಒಂಟಿ ಐತೋ ಜೋಡಿ ಐತೋ. ಎಕ್ಸ್‌ಆರ್‌ಡಿ (ಹರಳಿನ ಜೋಡಣಿ ತೋರ್ಸೂ ಎಕ್ಸ್‌ರೇ ವಿಧಾನ) ಇದಕ್ಕ ಸಾಲೂದಿಲ್ಲ, ಯಾಕಂದ್ರ ತಾಮ್ರ ಇರೂದು 2.5% ಅಷ್ಟ, ಅದೂ ಚೆಲ್ಲಾಪಿಲ್ಲಿ ಆಗಿ ಕುಂತಿರತೈತಿ. ಹಂಗಾಗಿ ಭಾಳ ಜೋರ್ ಎಕ್ಸ್‌ರೇ ಬೀಮ್ ಕೊಡೂ ದೊಡ್ಡ ಯಂತ್ರ, ಸಿಂಕ್ರೋಟ್ರಾನೇ ಬೇಕು, ನಮಗ ಅಂದ್ರ ಇಂದೋರಿನ ಇಂಡಸ್-2.

ಅಲ್ಲಿ ನಾ ಮಾಡೂ ಎಕ್ಸ್‌ರೇ ಅಳತಿ, ಎಕ್ಸಾಫ್ಸ್, ಅಂದ್ರೇನು ಅಂತ ಊರಾಗ ಯಾರರ ಕೇಳಿದ್ರ ನಾ ಗೋಳಗುಮ್ಮಟದ ಗ್ಯಾಲರಿ ನೆನಪ ಮಾಡಿ ಹೇಳ್ತೀನಿ. ಅಲ್ಲಿ ನೀವು ಒಂದ್ ಸಲ ಚಪ್ಪಾಳೆ ಹೊಡದ್ರ ಗ್ವಾಡಿಗೆ ಬಡದು ದನಿ ತಿರುಗಿ ಬರತೈತಿ, ಹಂಗ ಎಕ್ಸ್‌ರೇ ಹೊಡದಾಗ ತಾಮ್ರದಿಂದ ಹೊರಗ ಬಿದ್ದ ಇಲೆಕ್ಟ್ರಾನ್ ಅಲಿ ಪಕ್ಕದ ಪರಮಾಣುಗಳಿಗೆ ಬಡದು ವಾಪಸ್ ಬರತೈತಿ, ಆ ತಿರುಗಿ ಬಂದದ್ದು ಸ್ಪೆಕ್ಟ್ರಮ್ಮಿನ ಮ್ಯಾಲ ಸಣ್ಣ ಸಣ್ಣ ಏರಿಳಿತ ಆಗಿ ಕಾಣತೈತಿ. ಅದರಿಂದ ಗ್ವಾಡಿ ಎಷ್ಟು ದೂರ ಐತಿ, ಏನರಿಂದ ಮಾಡಿದ್ದು ಅಂತ ಎರಡೂ ತೆಗೀಬಹುದು. ತಾಮ್ರದ ಎಡ್ಜ್, ಅಂದ್ರ ತಾಮ್ರ ಒಮ್ಮೆಲೆ ಜಾಸ್ತಿ ಎಕ್ಸ್‌ರೇ ನುಂಗಾಕ ಶುರು ಮಾಡೂ ಜಾಗ, 8979 ಇಲೆಕ್ಟ್ರಾನ್ ವೋಲ್ಟಿಗೆ, ಜೋಡಿಗೆ ತಾಮ್ರದ ಹಾಳೆ ಇಟ್ಟು ಪ್ರತಿ ಸ್ಕ್ಯಾನಿಗೂ ಹೊಂದಿಸಿಕೊಬೇಕು, ಇದನ್ನ ಮಾತ್ರ ಬಿಡಬ್ಯಾಡ್ರಿ.

ಪೆಲೆಟ್, ಅಂದ್ರ ಪೌಡರ್ ಒತ್ತಿ ಮಾಡೂ ಬಿಲ್ಲಿ, ಅದರ ಬಗ್ಗೆ ಒಂದ್ ಮಾತು. ಎಲ್ಲಾರೂ ಬೋರಾನ್ ನೈಟ್ರೈಡ್ (ಎಕ್ಸ್‌ರೇ ಅಷ್ಟಾಗಿ ನುಂಗದ ಪುಡಿ) ಕಲಸ್ರಿ ಅಂತಾರ, ಜಿಯೋಲೈಟಿಗೆ ಅದು ಬ್ಯಾಡ. ಸಿಲಿಕಾನ್ ತಾನ ಬೇಕಾದಷ್ಟು ಎಕ್ಸ್‌ರೇ ನುಂಗತೈತಿ. 13 ಮಿಮೀ ಡೈನಾಗ (ಅಚ್ಚಿನ್ಯಾಗ) 100 ಮಿಗ್ರಾಂ ಒತ್ತಿದ್ರ ತಾಮ್ರದ ಎಡ್ಜ್ ಜಿಗಿತ ಸುಮಾರು 0.45, ಒಟ್ಟು ಅಬ್ಸಾರ್ಬನ್ಸ್ 2.5 ಒಳಗ ಬರತೈತಿ. ಜಿಗಿತ 1 ಮಾಡ್ತೀನಿ ಅಂತ 200 ಮಿಗ್ರಾಂ ಹಾಕಿದ್ರ ಬೀಮ್ ಆಚೆ ಕಡೆ ಬರೂದ ಇಲ್ಲ.

ಮೊದಲನೇ ಸಲ ಹೋಗಿದ್ದು ಜುಲೈದಾಗ. ಬೆಳಗಾವಿ ಮಳಿ ಗೊತ್ತಲ್ರಿ, ವಾರಗಟ್ಟಲೆ ಬಿಸಲಿಲ್ಲ, ಒಗದ ಅರಬಿ ಒಣಗೂದಿಲ್ಲ. ನಾ 550 ಡಿಗ್ರಿಗೆ ಸುಟ್ಟ ಪೌಡರ್ ಪೆಲೆಟ್ ಮಾಡಿ, ಜಿಪ್ ಕವರಿನ್ಯಾಗ ಹಾಕ್ಕೊಂಡು ಪುಣೆ ಮ್ಯಾಲ ಇಂದೋರಿಗೆ ಹೋಗಿ, ಬಯಲ ಗಾಳಿಯಾಗ ಇಟ್ಟು ಎರಡು ದಿನ ಸ್ಕ್ಯಾನ್ ಮಾಡಿದೆ. ನಾಕು ಥರದ ಸ್ಯಾಂಪಲ್ ಇದ್ದೂವು, ನಾಕೂ ಒಂದ ಥರ ಬಂದ್ವು. ತಾಮ್ರದ ಸುತ್ತ 1.95 ಆಂಗ್‌ಸ್ಟ್ರಮ್ಮಿಗೆ (ಒಂದು ಆಂಗ್‌ಸ್ಟ್ರಮ್ ಅಂದ್ರ ಮಿಲಿಮೀಟರಿನ ಕೋಟಿ ಭಾಗದಾಗ ಒಂದು) ಆಕ್ಸಿಜನ್ನು, ಅದರ ಆಚೆ ಹೇಳೂವಂಥಾದ್ದು ಏನೂ ಇಲ್ಲ, ಬರೇ ನೀರಾಗ ಕರಗಿದ ತಾಮ್ರದ ಸ್ಪೆಕ್ಟ್ರಮ್ ಮ್ಯಾಲ ಇಟ್ರ ಗೆರಿ ಮ್ಯಾಲ ಗೆರಿ ಕುಂತು ಬಿಡ್ತು. ಬೆಳಗಾವಿಗೆ ಬರೂತನಕ ಬಸ್ಸಿನ್ಯಾಗ ನಿದ್ದಿ ಬರಲಿಲ್ಲ.

ಬಂದ ಮ್ಯಾಲ ಒಂದ್ ಕೆಲಸ ಮಾಡಿದೆ. ಕ್ರೂಸಿಬಲ್‌ದಾಗ ಪೌಡರ್ 400 ಡಿಗ್ರಿಗೆ ಕಾಸಿ, ಸ್ವಲ್ಪ ಆರಿಸಿ ಬ್ಯಾಲೆನ್ಸ್ ಮ್ಯಾಲ ಇಟ್ಟೆ. ಕಡೀ ಅಂಕಿ ನಿಲ್ಲಲೇ ಇಲ್ಲ. ಒಂದೊಂದ ಏರಕೋತ ಹೊಂಟಿತು, ನಾ ನೋಡಕೋತ ನಿಂತಿದ್ದೆ, ಪೌಡರ್ ನನ್ನ ಕಣ್ಣ ಮುಂದ ಗಾಳಿಯಿಂದ ನೀರು ಕುಡಿಯಾಕತ್ತಿತ್ತು. ಹಸಿ ಇದ್ದಾಗ 100 ಮಿಗ್ರಾಂ ತೂಗಿದ್ದು ಒಣಗಿದಾಗ 82 ಇತ್ತು. ಅಂದ್ರ ನಾ ಇಂದೋರಿನ್ಯಾಗ ನೋಡಿದ್ದು ಜಿಯೋಲೈಟಿಗೆ ಅಂಟಿದ ತಾಮ್ರ ಅಲ್ಲ, ಅದರ ಗೂಡಿನ್ಯಾಗ ನೀರು ಸುತ್ತಗಟ್ಟಿ ತೇಲೂ ತಾಮ್ರ, ನಮ್ಮ ತ್ವಾಟದ ಬ್ಯಾರಲ್ಲಿನೊಳಗಿನ ಅದ ನೀಲಿ. ಹೆಸರಿನ್ಯಾಗೇ ಐತಿ ನೋಡ್ರಿ, 1756ರಾಗ ಕ್ರಾನ್‌ಸ್ಟೆಟ್ ಅನ್ನೂ ಸ್ವೀಡನ್ ಖನಿಜ ವಿಜ್ಞಾನಿ ಈ ಕಲ್ಲು ಕಾಸಿದಾಗ ನೀರು ಬಿಟ್ಟು ಕುದ್ದಂಗ ಆಗೂದು ನೋಡಿ ಕುದಿಯೂ ಕಲ್ಲು ಅಂತ ಗ್ರೀಕ್‌ದಾಗ ಹೆಸರಿಟ್ಟ. ನಮ್ಮ ಕಡೆ ಕರಿಕಲ್ಲು ಒಡದಾಗ ಸಂದಿನ್ಯಾಗ ಬೆಳ್ಳನ ಹರಳು ಸಿಗತಾವಲ್ಲ, ಅದ್ರಾಗ ಎಷ್ಟೋ ಇದ ಜಾತಿವು.

ಆರ್ಟೆಮಿಸ್ (ಎಕ್ಸಾಫ್ಸ್ ಡೇಟಾಕ್ಕ ಮಾದರಿ ಹೊಂದಿಸೂ ಸಾಫ್ಟ್‌ವೇರ್) ಒಳಗ ಫಿಟ್ ಮಾಡೂದ್ರಾಗೂ ಒಂದ್ ತಪ್ಪು ಮಾಡಿದ್ದೆ, ಅದನ್ನೂ ಹೇಳತೀನಿ. ಅದ ಹಸಿ ಡೇಟಾದಾಗ 3 ಆಂಗ್‌ಸ್ಟ್ರಮ್ ಹತ್ರ ಒಂದು ಸಣ್ಣ ಗುಬುಟು ಕಂಡಿತು, ಖುಷಿಗೆ ತಾಮ್ರ-ತಾಮ್ರ ಜೋಡಿ ಅಂತ ಬರದಬಿಟ್ಟೆ. ಆಮ್ಯಾಲ ಲೆಕ್ಕ ಹಾಕಿದ್ರ ಕೆ (ಇಲೆಕ್ಟ್ರಾನ್ ಅಲಿಯ ಅಳತಿ) 3ರಿಂದ 11, ಆರ್ (ತಾಮ್ರದಿಂದ ದೂರ) 1ರಿಂದ 3 ತನಕ ಡೇಟಾ ಕೊಡೂ ಮಾಹಿತಿ ಹತ್ತು ಸಂಖ್ಯಾಕ್ಕ ಅಷ್ಟ ಸಾಕು, ನಾ ಹದಿನಾಲ್ಕು ಸಂಖ್ಯಾ ಬೇಕಾದಂಗ ಬದಲಾಗಲಿ ಅಂತ ಬಿಟ್ಟಿದ್ದೆ. ಹದಿನಾಲ್ಕು ಬಿಟ್ರ ಯಾವ ಗುಬುಟಿಗೂ ಯಾವ ಪರಮಾಣು ಬೇಕಾದ್ರೂ ಕುಂದ್ರತೈತಿ. ತಾಮ್ರ ಹೌದೋ ಸಿಲಿಕಾನ್ ಹೌದೋ ಅನ್ನಾಕ ವೇವ್‌ಲೆಟ್ (ಕೆ, ಆರ್ ಎರಡೂ ಒಂದ ಚಿತ್ರದಾಗ ತೋರ್ಸೂ ಲೆಕ್ಕ) ನೋಡ್ರಿ, ಹಗುರ ಪರಮಾಣು ಕಡಿಮಿ ಕೆ ಕಡೆ, ತಾಮ್ರ ಜಾಸ್ತಿ ಕೆ ಕಡೆ ಬೆಳಗತೈತಿ. ಸಿಲಿಕಾನ್, ಅಲ್ಯೂಮಿನಿಯಂ ನಡುವಿನ ವ್ಯತ್ಯಾಸ ಮಾತ್ರ ಎಕ್ಸಾಫ್ಸಿಗೆ ಕೇಳಬ್ಯಾಡ್ರಿ, 14, 13 ಬಾಜೂ ಬಾಜೂ ನಂಬರು, ಅದು ಗುರ್ತ ಹಿಡಿಯೂದಿಲ್ಲ.

ಎರಡನೇ ಸಲ ಹೋಗಿದ್ದು ಫೆಬ್ರವರಿದಾಗ, ಈ ಸಲ ಕ್ಯಾಪ್ಟಾನ್ (ಎಕ್ಸ್‌ರೇ ದಾಟಿ ಹೋಗೂ, ಬಿಸಿ ತಡಿಯೂ ಪ್ಲಾಸ್ಟಿಕ್ ಹಾಳೆ) ಕಿಡಕಿ ಇದ್ದ ಬಿಸಿ ಮಾಡೂ ಸೆಲ್ ತಗೊಂಡು. ಅಲ್ಲೇ 400 ಡಿಗ್ರಿಗೆ ಗಾಳಿಯಾಗ ಒಣಗ್ಸಿ, ಸೆಲ್ ಬಿಚ್ಚದಂಗ ಸ್ಕ್ಯಾನ್ ಹಾಕಿದ್ವಿ. ಮೊದಲನೇ ಸ್ಕ್ಯಾನು, ಐದನೇ ಸ್ಕ್ಯಾನು ಒಂದರ ಮ್ಯಾಲೊಂದು ಇಟ್ಟು ಬೀಮೇ ತಾಮ್ರ ಕೆಡಸಾಕತ್ತಿಲ್ಲ ಅಂತ ಖಾತ್ರಿ ಮಾಡಕೊಂಡ್ವಿ. ಸುತ್ತ ಇದ್ದ ಆಕ್ಸಿಜನ್ ಆರರಿಂದ ಮೂರೂವರಿ ಹತ್ರ ಇಳದಿತ್ತು, 2.8 ಆಂಗ್‌ಸ್ಟ್ರಮ್ ಹತ್ರ ಹಗುರ ಪರಮಾಣು ಕಂಡಿತು, ಅದು ಜಿಯೋಲೈಟಿನ ಗ್ವಾಡಿ. ತಾಮ್ರ ಮನಿ ಸೇರಿತ್ತು.

ಆಮ್ಯಾಲ ಗಾಳಿ ಬಂದ್ ಮಾಡಿ ಹೀಲಿಯಂ ಬಿಟ್ವಿ. ರಾತ್ರಿ ಮೂರರ ಹತ್ರ, ಸ್ಪೆಕ್ಟ್ರಮ್ಮಿನ್ಯಾಗ 8983 ಇಲೆಕ್ಟ್ರಾನ್ ವೋಲ್ಟಿಗೆ ಒಂದು ಸಣ್ಣ ಮೊನೆ ಏಳಾಕ ಶುರು ಆತು, ಎರಡನೇ ಸ್ಕ್ಯಾನಿಗೆ ಇನ್ನೊಂಚೂರು, ಮೂರನೇದಕ್ಕ ಇನ್ನೊಂಚೂರು. ತಾಮ್ರದ ಚಾರ್ಜ್ ಪ್ಲಸ್ ಎರಡರಿಂದ ಪ್ಲಸ್ ಒಂದಕ್ಕ ಇಳ್ಯಾಕತ್ತಿತ್ತು, ಯಾರೂ ಏನೂ ಹಾಕದ, ಬರೇ ಬಿಸಿಗೆ. ತಿರುಗಿ ಗಾಳಿ ಬಿಟ್ವಿ, ಮೊನೆ ಇಳೀತು. ಮತ್ತ ಹೀಲಿಯಂ, ಮತ್ತ ಎದ್ದಿತು. ಬೀಮ್ ಬಿಡೂ ಟೈಮ್ ಬರೂತನಕ ಅದನ್ನ ನಾಕ ಸಲ ಮಾಡಿದ್ವಿ.