ಅಡಿಕೆ ಹಂಡೆಯಲ್ಲಿ ಪಾಯಿಂಟ್ ಚಾರ್ಜ್

ಪಾಯಿಂಟ್ ಚಾರ್ಜ್ ಅಂದರೆ ಒಂದು ಚುಕ್ಕಿಯಲ್ಲಿ ನಿಂತ ವಿದ್ಯುದಾವೇಶ. ಅದರಿಂದ ದೂರ ಎರಡು ಪಟ್ಟಾದರೆ ವಿಭವ (ಆ ಜಾಗದ ವೋಲ್ಟೇಜ್) ಅರ್ಧ, ಕ್ಷೇತ್ರ (ಅಲ್ಲಿ ಸೆಂ.ಮೀ.ಗೆ ಎಷ್ಟು ವೋಲ್ಟ್ ಇಳಿಯುತ್ತದೆ ಅನ್ನೋದು) ಕಾಲು. ಪಿಯುಸಿ ಮಕ್ಕಳಿಗೆ ಇದನ್ನು ಅಳೆದೇ ತೋರಿಸಬೇಕು ಅಂತ ನನಗೆ ಹಟ. "ಸರ್, ಶಿರಸಿ ಮಳೆಯಲ್ಲಿ ಅದೆಲ್ಲ ಆಗೋದಲ್ಲ, ಸುಮ್ನೆ ಲೆಕ್ಕ ಮಾಡಿಸಿ" ಅಂತ ಜೊತೆಯವರು ಹೇಳುತ್ತಲೇ ಇದ್ದರು. ಈಗ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮಳೆಯ ಮಾತು ಸುಳ್ಳಲ್ಲ. ಸುಮಾರು ಒಂಬತ್ತು ಸಾವಿರ ಕೊಟ್ಟು ಬೆಲ್ಟ್ ತಿರುಗಿಸಿ ಲೋಹದ ಗುಂಡಿಗೆ ಚಾರ್ಜ್ ತುಂಬುವ ವ್ಯಾನ್ ಡಿ ಗ್ರಾಫ್ ಯಂತ್ರ ತರಿಸಿದ್ದೆ. ಜೂನ್ ಬಂದಮೇಲೆ ಅದರ ಗುಂಡಿನ ಮೇಲೆ ಚಾರ್ಜ್ ನಿಲ್ಲಲೇ ಇಲ್ಲ. ಹೇರ್ ಡ್ರೈಯರ್ ಹಿಡಿದು ಬೆಲ್ಟ್ ಒಣಗಿಸಿದರೆ ಐದು ನಿಮಿಷ, ಮತ್ತೆ ಅದೇ ಕಥೆ.

ಆಮೇಲೆ ನೀರಿಗೆ ಬಂದೆ. ನೀರಿನಲ್ಲಿ ಗುಂಡಿನಿಂದ ಎಲ್ಲ ಕಡೆಗೂ ಕರೆಂಟು ಹರಡಿದರೆ ವೋಲ್ಟೇಜ್ ಇಳಿಯುವುದು ಪಾಯಿಂಟ್ ಚಾರ್ಜಿನ ವಿಭವದ ಲೆಕ್ಕದಂತೆಯೇ. ಪ್ಲಾಸ್ಟಿಕ್ ಟ್ರೇಯಲ್ಲಿ ಒಂದು ವರ್ಷ ಕಳೆಯಿತು. ಎರಡು ಬೆರಳು ನೀರಿನಲ್ಲಿ ಕರೆಂಟು ಬದಿಗೆ ಮಾತ್ರ ಹರಡುತ್ತದೆ, ಆಳಕ್ಕೆ ಇಳಿಯಲು ಜಾಗವೇ ಇಲ್ಲ. ಹಾಗಾಗಿ 2.5ರಿಂದ 5 ಸೆಂ.ಮೀ.ಗೆ ಎಷ್ಟು ವೋಲ್ಟ್ ಇಳಿಯಿತೋ 5ರಿಂದ 10ಕ್ಕೂ ಅಷ್ಟೇ. ಅದು ಚಾರ್ಜ್ ಆದ ಉದ್ದ ತಂತಿಯ ಲೆಕ್ಕ, ಪಾಯಿಂಟಿನದಲ್ಲ, ಅಲ್ವಾ?

ಆಳ ಬೇಕು, ದುಂಡಗಿರಬೇಕು. ಅಣ್ಣನ ಮನೆಯ ಅಂಗಳದಲ್ಲಿ ಅಡಿಕೆ ಬೇಯಿಸುವ ತಾಮ್ರದ ಹಂಡೆ ಕವುಚಿ ಬಿದ್ದಿತ್ತು. ತಳ ಹೆಚ್ಚುಕಮ್ಮಿ ಅರ್ಧ ಗೋಳ, ಬಾಯಿ ಎರಡಡಿ. ಒಳಗೆ ಅಡಿಕೆ ಬೇಯಿಸಿದ ಚೊಗರು ಕಪ್ಪಗೆ ಕಟ್ಟಿಕೊಂಡಿತ್ತು. ಅದು ಇದ್ದಷ್ಟು ದಿನ ರೀಡಿಂಗ್ ಒಂದೊಂದು ಬದಿಗೆ ಒಂದೊಂದು. ಅತ್ತಿಗೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿಕೊಟ್ಟ ಮೇಲೆ ಸರಿಹೋಯಿತು. ನಡುವೆ ಲಾರಿ ಬೇರಿಂಗಿನ 2.5 ಸೆಂ.ಮೀ. ಗುಂಡು, ಅರ್ಧ ಮುಳುಗಿದಂತೆ. ಬಾವಿ ನೀರು. 12 ವೋಲ್ಟ್ ಟ್ರಾನ್ಸ್‌ಫಾರ್ಮರಿನ ಒಂದು ತುದಿ ಗುಂಡಿಗೆ, ಇನ್ನೊಂದು ಹಂಡೆಗೆ. ಬ್ಯಾಟರಿ ಹಾಕಿದರೆ ಗುಂಡಿಗೆ ಗುಳ್ಳೆ ಕಟ್ಟಿ ಅಂಕಿ ಜಾರುತ್ತದೆ, ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟೇ ಬೇಕು. ಇನ್ನೂರೈವತ್ತು ರೂಪಾಯಿಯ ಮಲ್ಟಿಮೀಟರ್ ಎಸಿಯಲ್ಲಿ ಚಿಕ್ಕ ವೋಲ್ಟೇಜ್ ಹಿಡಿಯಲಿಲ್ಲ. ಒಳ್ಳೆಯದಕ್ಕೆ ಸಾವಿರದ ಇನ್ನೂರೋ ಏನೋ ಆಯಿತು. ಗುಂಡನ್ನು ಅಲುಗದ ಹಾಗೆ ಸರಿಯಾಗಿ ಅರ್ಧಕ್ಕೆ ನಿಲ್ಲಿಸುವ ಉಪಾಯ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮೊದಲ ದಿನದ ಅಂಕಿ ನೋಡಿ ನಿದ್ದೆ ಬರಲಿಲ್ಲ. ನಡುವಿನಿಂದ 5 ಸೆಂ.ಮೀ.ನಲ್ಲಿ 2.6 ವೋಲ್ಟ್, 10ರಲ್ಲಿ ಒಂದು ವೋಲ್ಟಿಗಿಂತ ಚೂರೇ ಜಾಸ್ತಿ. ಅರ್ಧಕ್ಕಿಂತ ಕಮ್ಮಿ! ಮಧ್ಯರಾತ್ರಿ ಹೊಳೆಯಿತು. ವಿಭವದ ಸೊನ್ನೆ ಪುಸ್ತಕದಲ್ಲಿ ಅನಂತ ದೂರದಲ್ಲಿ, ನನ್ನ ಸೊನ್ನೆ 30 ಸೆಂ.ಮೀ. ದೂರದ ಹಂಡೆಯ ಗೋಡೆಯಲ್ಲಿ. ಆ ವ್ಯತ್ಯಾಸ ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ. ಪ್ರತಿ ರೀಡಿಂಗಿಗೂ ಅದನ್ನು ಕೂಡಿಸಿದರೆ 3.1, 1.55. ಅರ್ಧ! ಕ್ಷೇತ್ರಕ್ಕೆ ಆ ತೊಡಕೇ ಇಲ್ಲ. ಬಿದಿರು ಕಡ್ಡಿಗೆ ಎರಡು ಸೂಜಿ ಒಂದು ಸೆಂ.ಮೀ. ಅಂತರದಲ್ಲಿ ಕಟ್ಟಿದೆ. ಎರಡು ಸೂಜಿಗಳ ನಡುವಿನ ವೋಲ್ಟೇಜೇ ಕ್ಷೇತ್ರ. 5ರಲ್ಲಿ 0.63 ವೋಲ್ಟ್, 10ರಲ್ಲಿ 0.16. ಕಾಲು ಭಾಗ, ಏನೂ ಕೂಡಿಸದೆ.

ಕುಮಟಾ ಕಡಲ ನೀರಿನಲ್ಲೂ ನೋಡೋಣ ಅಂತ ಕ್ಯಾನ್‌ಗಳಲ್ಲಿ ತರಿಸಿ ತುಂಬಿದೆ. ಅಷ್ಟು ಉಪ್ಪಿಗೆ ಕರೆಂಟು ನಾಲ್ಕೈದು ಆಂಪಿಯರ್ ಎಳೆಯಿತು. ಒಂದು ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಹೊಗೆಯಾಡಿತು, ನಾನೂರು ರೂಪಾಯಿ ಹೋಯಿತು.

ಈಗ ಎರಡು ಗುಂಡು ಇಟ್ಟಿದ್ದೇನೆ, ಎರಡೂ ಟ್ರಾನ್ಸ್‌ಫಾರ್ಮರಿನ ಒಂದೇ ತುದಿಗೆ, ನಡುವೆ 10 ಸೆಂ.ಮೀ. ಸರಿಯಾಗಿ ಮಧ್ಯದಲ್ಲಿ ಎರಡು ಗುಂಡುಗಳ ಕ್ಷೇತ್ರ ಒಂದಕ್ಕೊಂದು ಎದುರಾಗಿ ಸೂಜಿ ಜೋಡಿ ಸೊನ್ನೆ ತೋರಿಸುತ್ತದೆ. ಅದೇ ಜಾಗದ ವಿಭವ ಐದು ವೋಲ್ಟಿನ ಹತ್ತಿರ. ಲೆಕ್ಕ ಮಾಡಿಸಿ ಅಂದವರೇ ಮೊನ್ನೆ ಬಂದು ಕಡ್ಡಿಯನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿದರು. ಮೀಟರ್ ಅಲುಗಲಿಲ್ಲ.